ಬಣ್ಣ ಇರಲಿ, ಮೊದಲು ಗೋಡೆ ನೋಡಿ

ಊರಿನ ಮನೆಗೆ ಬಣ್ಣ ಹೊಡೆಸುವ ಮಾತು ನಮ್ಮಲ್ಲಿ ವಿಮಾನದ ಟಿಕೆಟ್ ಜೊತೆಗೇ ಶುರುವಾಗುತ್ತದೆ. ಮಕ್ಕಳ ಶಾಲೆಗೆ ಜುಲೈಯಲ್ಲಿ ರಜೆ, ಜುಲೈಗೇ ಟಿಕೆಟ್, ಜುಲೈಗೇ ಪೇಂಟರ್. ಆಸ್ಪತ್ರೆಯ ಔಷಧಿ ಕೌಂಟರಿನ ಒಳಗೆ ನಿಂತು ಎಷ್ಟೋ ವರ್ಷದಿಂದ ಇದನ್ನು ಕೇಳುತ್ತಾ ಬಂದಿದ್ದೇವೆ. ಅಮ್ಮನ ಬಿ.ಪಿ. ಮಾತ್ರೆ ಮೂರು ತಿಂಗಳಿಗಾಗುವಷ್ಟು ಕಟ್ಟಿಸಿಕೊಳ್ಳುತ್ತಾ, "ಈ ಸಲ ಮನೆಗೆ ಪೇಂಟ್ ಮಾಡಿಸ್ಲೇಬೇಕು ಸಾರ್, ಹೋದ ವರ್ಷ ಹೊಡೆಸಿದ್ದು ಎಲ್ಲಾ ಎದ್ದು ಹೋಗಿದೆ" ಎನ್ನುತ್ತಾರೆ. ಹೋದ ವರ್ಷದ್ದು ಯಾಕೆ ಎದ್ದು ಹೋಯಿತು ಅಂತ ಕೇಳಿದರೆ ಕಂಪನಿಯ ಬಣ್ಣ ಸರಿ ಇರಲಿಲ್ಲ ಎಂಬ ಉತ್ತರ.

ಬಣ್ಣ ಸರಿಯಾಗಿಯೇ ಇರುತ್ತದೆ. ಗೋಡೆ ಸರಿ ಇರುವುದಿಲ್ಲ. ರಜೆಯ ಮೂವತ್ತು ದಿನದಲ್ಲಿ, ಸುರಿಯುವ ಮಳೆಯಲ್ಲಿ, ಮಕ್ಕಳು ಓಡಾಡುವ ಮನೆಯಲ್ಲಿ ಹಳೆಯ ಗೋಡೆ ಕೆರೆಸಿ ಬಣ್ಣ ಹೊಡೆಸುವ ಈ ಅಭ್ಯಾಸವನ್ನು ನಾವು ಗಲ್ಫ್ ಕನ್ನಡಿಗರು ಬಿಡಬೇಕು ಎಂದು ಹೇಳುವುದಕ್ಕೇ ಈ ಲೇಖನ. ದುಡ್ಡು ದಂಡವಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ನಮ್ಮ ಕಸುಬಿಗೆ ಸೇರಿದ್ದು, ಅದಕ್ಕೆ ಆಮೇಲೆ ಬರುತ್ತೇವೆ.

ಈ ವಿಷಯ ನಮಗೆ ಸರಿಯಾಗಿ ಅರ್ಥವಾದದ್ದು ಅಮೆರಿಕದ ಸಿಯಾಟಲ್ ಪಕ್ಕದ ಶೋರ್‌ಲೈನ್ ಎಂಬ ಊರಿನಲ್ಲಿ. ನಮ್ಮ ತಂಗಿ ಅಲ್ಲಿದ್ದಾಳೆ. ಸಾಫ್ಟ್‌ವೇರಿನ ನಮ್ಮವರು ಹೆಚ್ಚಾಗಿ ಸರೋವರದ ಆಚೆ ದಡದ ಬೆಲ್‌ವ್ಯೂ, ರೆಡ್ಮಂಡ್, ಸಮಾಮಿಶ್ ಕಡೆ ಮನೆ ಮಾಡುತ್ತಾರೆ. ಅಲ್ಲಿನ ಬೆಲೆ ಎಟುಕದೆ ಇವರು ಉತ್ತರಕ್ಕೆ ಬಂದು 1952ರಲ್ಲಿ ಕಟ್ಟಿದ ಒಂದು ಮನೆ ಕೊಂಡರು. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಆ ಕಡೆ ಇಂಥ ಮನೆಗಳು ಸಾಲುಸಾಲಾಗಿ ಎದ್ದವು. ಅಮೆರಿಕ ಎಂದರೆ ಎಲ್ಲ ಹೊಸದು ಎಂದುಕೊಂಡು ಹೋದವರಿಗೆ ಅಲ್ಲಿನ ಹಳೆ ಮನೆ ನೋಡಿದರೆ ಆಶ್ಚರ್ಯವಾಗುತ್ತದೆ. ಊಟದ ಕೋಣೆಗೆ, ಅಡುಗೆಮನೆಗೆ, ಒಂದು ಮಲಗುವ ಕೋಣೆಗೆ ವಾಲ್‌ಪೇಪರ್. ಮೇಲೆ ಹೂಬಳ್ಳಿಯ ವಿನೈಲ್ ಕಾಗದ, ಅದರಡಿ ಇನ್ನೊಂದು ಕಾಗದ, ಅದರಡಿ ಹಳೆಯ ಬಣ್ಣ. ಒಂದೊಂದು ಸಂಸಾರ ಬಂದಾಗಲೂ ಒಂದೊಂದು ಪದರ ಎಂದು ಕಾಣುತ್ತದೆ.

ನಾವು ಅಲ್ಲಿದ್ದ ಮೂರು ವಾರದಲ್ಲಿ ಊಟದ ಕೋಣೆಯ ಕೆಲಸಕ್ಕೆ ಕೈ ಹಾಕಿದೆವು. ಭಾವನ ಲೆಕ್ಕಾಚಾರ ಕೇಳಿ ಮೊದಲು ನಗು ಬಂತು. ಗೋಡೆ ತಯಾರಿಗೆ ಎಂಟು ದಿನ, ಬಣ್ಣಕ್ಕೆ ಒಂದು ದಿನ. ಅಳತೆ ತಲೆಕೆಳಗಾಗಿದೆ ಭಾವ ಎಂದೆವು. "ನೋಡ್ತಾ ಇರಿ" ಎಂದರು.

ಕಾಗದ ಕೀಳುವುದು ಸುಲಭ. ಮೇಲಿನ ವಿನೈಲ್ ಪದರ ಮೂಲೆಯಿಂದ ಎಳೆದರೆ ಸರಸರನೆ ಬರುತ್ತದೆ. ಕೆಳಗೆ ಉಳಿಯುವ ಕಾಗದದ ಹಿಂಬದಿಗೆ, ಮೈನ್ ಸ್ವಿಚ್ ಆರಿಸಿ, ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರು ಚಿಮುಕಿಸಿ ಹತ್ತು ಹದಿನೈದು ನಿಮಿಷ ಸುಮ್ಮನೆ ಕೂರಬೇಕು. ಆಮೇಲೆ ಅಗಲವಾದ ಪುಟ್ಟಿ ಬ್ಲೇಡಿನಿಂದ ಮೆಲ್ಲಗೆ ಎತ್ತಬೇಕು. ಅವಸರ ಮಾಡಿ ಒಣ ಗೋಡೆಯನ್ನು ಕೆರೆದರೆ ಗೋಡೆಯೇ ಕಿತ್ತು ಬರುತ್ತದೆ.

ಕಾಗದ ಹೋದ ಮೇಲೆ ಗೋಡೆ ಬೋಳಾಗಿ, ಚೊಕ್ಕವಾಗಿ ಕಾಣುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲಿ, ಏಕೆಂದರೆ ಗೋಡೆಯ ಮೇಲೆ ಅಂಟು ಹಾಗೇ ಕೂತಿರುತ್ತದೆ. ನಮ್ಮೂರಲ್ಲಿ ಸಿನಿಮಾ ಪೋಸ್ಟರ್ ಅಂಟಿಸಲು ಮೈದಾ ಗಂಜಿ ಕಾಯಿಸುತ್ತಾರಲ್ಲ, ಹಳೆಯ ವಾಲ್‌ಪೇಪರಿನ ಅಂಟೂ ಬಹುಪಾಲು ಅಂಥದ್ದೇ, ಗೋಧಿ ಹಿಟ್ಟಿನ ಗಂಜಿ. ಒಣಗಿದಾಗ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ನೀರಿನ ಬಣ್ಣ ಹಚ್ಚಿದರೆ ಆ ನೀರಿಗೆ ಅಂಟು ಮತ್ತೆ ನೆನೆದು ಮೆತ್ತಗಾಗುತ್ತದೆ, ಒಣಗುವಾಗ ಕುಗ್ಗಿ ಬಣ್ಣವನ್ನೂ ಎಳೆಯುತ್ತದೆ. ಕೆಲವೇ ದಿನದಲ್ಲಿ ಕೆರೆಯ ಒಣ ಮಣ್ಣಿನ ಹಾಗೆ ಬಿರುಕು, ಆಮೇಲೆ ಚಕ್ಕೆ.

ಅಂಟು ಪೂರ್ತಿ ಹೋಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಒದ್ದೆ ಕೈಯಲ್ಲಿ ಸವರಿದರೆ ಜಾರುತ್ತದೆ, ಲೋಳೆ ಲೋಳೆ ಎನ್ನಿಸುತ್ತದೆ. ಅದು ಪೇಂಟರನ ಪರೀಕ್ಷೆ. ಡಿ.ಫಾರ್ಮಾ ಓದಿದ ನಮ್ಮ ಹತ್ತಿರ ಇನ್ನೊಂದಿತ್ತು. ಮೊದಲ ವರ್ಷದ ಪ್ರಯೋಗಾಲಯದಲ್ಲಿ ಪಿಷ್ಟಕ್ಕೆ ಅಯೋಡಿನ್ ಹನಿ ಬಿಟ್ಟು ಕಡುನೀಲಿ ಬಣ್ಣ ನೋಡಿದ್ದು ನೆನಪಿತ್ತು. ಔಷಧಿ ಡಬ್ಬದಿಂದ ಟಿಂಕ್ಚರ್ ಅಯೋಡಿನ್ ತೆಗೆದು ನೀರು ಬೆರೆಸಿ, ಸ್ಪಂಜಿನಿಂದ ಎರಡು ಸಲ ತೊಳೆದಿದ್ದ ಗೋಡೆಯ ಮೂಲೆಗೆ ಒಂದು ಹನಿ ಒತ್ತಿದೆವು. ಕಪ್ಪನೆ ನೀಲಿ! ತಂಗಿ "ಅಣ್ಣ, ಗೋಡೆಗೂ ಇಂಜೆಕ್ಷನ್ ಕೊಡ್ತೀಯಾ" ಎಂದು ನಕ್ಕಳು. ಮತ್ತೆರಡು ಸಲ ಬಿಸಿನೀರಿನಲ್ಲಿ, ಪ್ರತಿ ಸಲವೂ ಬಕೆಟ್ ನೀರು ಬದಲಿಸಿ ತೊಳೆದ ಮೇಲೆ ಹನಿ ಕಂದು ಬಣ್ಣದಲ್ಲೇ ಉಳಿಯಿತು. ಈ ಪರೀಕ್ಷೆ ಹಿಟ್ಟಿನ ಅಂಟಿಗೆ ಮಾತ್ರ. ಈಗಿನ ಸಿಂಥೆಟಿಕ್ ಅಂಟಿಗೆ ನಡೆಯುವುದಿಲ್ಲ. ಜಿಪ್ಸಮ್ ಬೋರ್ಡಿನಲ್ಲಿಯೇ ಪಿಷ್ಟ ಇರುವುದರಿಂದ ಅಲ್ಲಿ ನಂಬುವ ಹಾಗಿಲ್ಲ. ಅಲ್ಲೆಲ್ಲ ಒದ್ದೆ ಕೈಯೇ ಗತಿ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇವೆ. ಅಂಟು ಬಿಡಿಸಲು ಕೆಲವರು ವಿನೆಗರ್ ಹಾಕುತ್ತಾರೆ, ಬೂಷ್ಟು ಕೊಲ್ಲಲು ಬ್ಲೀಚ್ ಹಾಕುತ್ತಾರೆ, ಗಲ್ಫ್‌ನಲ್ಲಿ ನಾವೆಲ್ಲ ಕ್ಲೋರಾಕ್ಸ್ ಎಂದೇ ಕರೆಯುವುದು. ಬೇರೆ ಬೇರೆಯಾಗಿ ಎರಡೂ ಕೆಲಸದವೇ. ಒಂದೇ ಬಕೆಟ್ಟಿನಲ್ಲಿ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಮುಚ್ಚಿದ ಬಾತ್‌ರೂಮಿನಲ್ಲಿ ಅದು ಆಸ್ಪತ್ರೆಗೆ ಸೇರಿಸುವ ಮಟ್ಟದ್ದು.

ತೊಳೆದ ಗೋಡೆ ಮೂರು ದಿನ ಒಣಗಿತು. ಫ್ಯಾನ್ ಹಾಕಿಟ್ಟೆವು, ಅಷ್ಟೇ. ಆ ಮೂರು ದಿನ ಯಾರೂ ಗೋಡೆ ಮುಟ್ಟಲಿಲ್ಲ, ಕೆಲಸ ನಿಂತಿದೆ ಎಂದು ಯಾರೂ ಚಡಪಡಿಸಲೂ ಇಲ್ಲ. ಒಂದು ಕಡೆಯ ಗೋಡೆಗೆ ಹಿಂದೆ ಯಾರೋ ಜಿಪ್ಸಮ್ ಬೋರ್ಡ್ ಹೊಡೆದಿದ್ದರು. ಅದರ ಮೇಲ್ಕಾಗದ ಅಲ್ಲಲ್ಲಿ ಹರಿದು ಒಳಗಿನ ಕಂದು ಕಾಗದ ಕಾಣುತ್ತಿತ್ತು. ಅದರ ಮೇಲೆ ನೇರವಾಗಿ ಪುಟ್ಟಿ ಹಾಕಿದರೆ ಪುಟ್ಟಿಯ ನೀರು ಕುಡಿದು ಕಾಗದ ಗುಳ್ಳೆ ಏಳುತ್ತದೆ. ಸಡಿಲ ಅಂಚನ್ನು ಕತ್ತರಿಸಿ, ಆಯಿಲ್ ಪ್ರೈಮರಿನಿಂದ ಮುಚ್ಚಿ, ಒಣಗಿದ ಮೇಲೆಯೇ ಪುಟ್ಟಿ. ದುಬೈ, ದೋಹಾದ ಫ್ಲ್ಯಾಟುಗಳಲ್ಲಿ ಜಿಪ್ಸಮ್ ಪಾರ್ಟಿಶನ್‌ಗೆ ವಾಲ್‌ಪೇಪರ್ ಅಂಟಿಸಿ, ಖಾಲಿ ಮಾಡುವಾಗ ಕಿತ್ತು, ಡೆಪಾಸಿಟ್ ಉಳಿಸಿಕೊಳ್ಳಲು ರಾತ್ರೋರಾತ್ರಿ ಬಿಳಿ ಬಣ್ಣ ಬಳಿಯುವವರು ಈ ಗುಳ್ಳೆಗಳನ್ನು ಚೆನ್ನಾಗಿ ಬಲ್ಲರು.

ಆಮೇಲೆ ಗೋಡೆಗೆಲ್ಲ ಆಯಿಲ್ ಪ್ರೈಮರ್. ಎಲ್ಲಾದರೂ ಅಂಟು ಉಳಿದಿದ್ದರೂ ಅದು ನೆನೆಯದ ಹಾಗೆ ತಡೆಯಲು ಇದೇ ಬೇಕು, ನೀರಿನ ಪ್ರೈಮರ್ ಆ ಕೆಲಸಕ್ಕೆ ನೆಚ್ಚುವಂಥದ್ದಲ್ಲ. ಬಣ್ಣ? ಅದು ಒಂಬತ್ತನೇ ದಿನ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲ ಕೋಟ್ ಮುಗಿದಿತ್ತು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಅಡುಗೆಮನೆಯ ಕಥೆ ಬೇರೆ. ಅಲ್ಲಿ ಕಾಗದದ ಮೂಲೆ ಎತ್ತಿದಾಗ ಕೆಳಗೆ ಹೊಳಪಿನ ಆಯಿಲ್ ಪೇಂಟ್ ಕಂಡಿತು. ಭಾವ ಅಲ್ಲಿಗೇ ಕೈ ನಿಲ್ಲಿಸಿ, ಒಂದು ಚಕ್ಕೆ ಎತ್ತಿ ಲ್ಯಾಬಿಗೆ ಕಳಿಸಿದರು. ಸೀಸ ಇದೆ ಎಂದು ವರದಿ ಬಂತು. ಮನೆಯಲ್ಲಿ ಎರಡು ವರ್ಷದ ಮಗು. ಆ ಕೋಣೆಯನ್ನು ಅವರು ತಾವು ಮಾಡಲಿಲ್ಲ.

ಅಮೆರಿಕದಲ್ಲಿ ಮನೆಯ ಬಣ್ಣಕ್ಕೆ ಸೀಸ ಹಾಕುವುದನ್ನು 1978ರಲ್ಲಿ ನಿಷೇಧಿಸಿದರು. ಅದಕ್ಕಿಂತ ಹಳೆಯ ಮನೆ ಮಾರುವವರು ಗೊತ್ತಿರುವ ಸೀಸದ ವಿಷಯವನ್ನು ಕೊಳ್ಳುವವರಿಗೆ ತಿಳಿಸಬೇಕು, ಒಂದು ಕಿರುಪುಸ್ತಕವನ್ನೂ ಕೊಡಬೇಕು, ಕಾನೂನೇ ಹಾಗಿದೆ. 2010ರಿಂದ ಇನ್ನೂ ಬಿಗಿಯಾಯಿತು. ಅಂಥ ಮನೆಯಲ್ಲಿ ಕೂಲಿಗೆ ಕೆಲಸ ಮಾಡುವವನು ಒಂದು ಕೋಣೆಯಲ್ಲಿ ಆರು ಚದರಡಿಗಿಂತ ಹೆಚ್ಚು ಹಳೆಯ ಬಣ್ಣ ಕೆದಕುವುದಾದರೆ ತರಬೇತಿ ಪಡೆದು ಸರ್ಟಿಫಿಕೇಟ್ ಹೊಂದಿರಬೇಕು. ಆರು ಚದರಡಿ ಎಂದರೆ ನಮ್ಮೂರ ಕಿಟಕಿಯ ಒಂದು ಬಾಗಿಲಿನಷ್ಟು. ಬಂದವರು ಕೋಣೆಗೆ ಪ್ಲಾಸ್ಟಿಕ್ ಪರದೆ ಕಟ್ಟಿ, ಗೋಡೆಯನ್ನು ಒದ್ದೆ ಮಾಡಿಯೇ ಕೆರೆದು, ಧೂಳನ್ನು ಹೆಪಾ ಫಿಲ್ಟರಿನ ವ್ಯಾಕ್ಯೂಮ್‌ನಿಂದ ಎಳೆದು, ಒರೆಸಿದ ಬಟ್ಟೆಯನ್ನೂ ಚೀಲದಲ್ಲಿ ಕಟ್ಟಿ ಒಯ್ದರು. 1970ರ ದಶಕದವರೆಗೆ ಅಲ್ಲಿನ ಪುಟ್ಟಿಯಲ್ಲಿ ಕಲ್ನಾರು ಸಹ ಇರುತ್ತಿತ್ತು, ಅದಕ್ಕೂ ಪರೀಕ್ಷೆ ಬೇರೆ.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನಮ್ಮ ಕಸುಬಿನ ಮಾತು. ಸೀಸದ ಧೂಳು ಕಣ್ಣಿಗೆ ಕಾಣುವುದೇ ಕಷ್ಟ. ನೆಲದ ಮೇಲೆ ಕೂರುತ್ತದೆ, ಅಂಬೆಗಾಲಿಡುವ ಮಗುವಿನ ಕೈಗೆ ಹತ್ತುತ್ತದೆ, ಕೈಯಿಂದ ಬಾಯಿಗೆ ಹೋಗುತ್ತದೆ. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಸೀಸವನ್ನು ಹೆಚ್ಚು ಹೀರುತ್ತದೆ. ಮಗುವಿಗೆ ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಬಸಿರಿಯ ದೇಹದಿಂದ ಹೊಟ್ಟೆಯ ಕೂಸಿಗೂ ದಾಟುತ್ತದೆ. ಜ್ವರ, ಕೆಮ್ಮು ಏನೂ ಬರುವುದಿಲ್ಲ. ಬುದ್ಧಿ ಚುರುಕಾಗುವ ವಯಸ್ಸಿನಲ್ಲಿ ಮಿದುಳಿಗೆ ಪೆಟ್ಟು ಬೀಳುತ್ತದೆ, ತಂದೆತಾಯಿಗೆ ಗೊತ್ತಾಗುವುದು ಶಾಲೆಯಲ್ಲಿ ಹಿಂದೆ ಬಿದ್ದಾಗ, ಆಗಲೂ ಕಾರಣ ಗೊತ್ತಾಗುವುದಿಲ್ಲ. ಇಷ್ಟರವರೆಗೆ ಸೀಸ ಇದ್ದರೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ 3.5 ಮೈಕ್ರೋಗ್ರಾಂ ಇದ್ದರೂ ಆ ಮಗುವಿನ ಕಡೆ ಗಮನ ಕೊಡಬೇಕು ಎಂದು ಅಮೆರಿಕದ ಸಿ.ಡಿ.ಸಿ. 2021ರಲ್ಲಿ ಹೇಳಿತು. ಔಷಧಿ ಇದೆಯಲ್ಲ ಎನ್ನಬೇಡಿ. ಸೀಸವನ್ನು ದೇಹದಿಂದ ಎಳೆದು ತೆಗೆಯುವ ಔಷಧಿಗಳನ್ನು ಸಾಮಾನ್ಯವಾಗಿ ಮಕ್ಕಳಿಗೆ 45 ಮೈಕ್ರೋಗ್ರಾಂ ದಾಟಿದಾಗ, ವೈದ್ಯರ ಕಣ್ಗಾವಲಿನಲ್ಲಿ ಕೊಡುತ್ತಾರೆ. ಅಷ್ಟರೊಳಗೆ ಆದ ನಷ್ಟವನ್ನು ಅವು ವಾಪಸು ತರುವುದಿಲ್ಲ. ನಮ್ಮ ಕೌಂಟರಿನಲ್ಲಿ ಇದಕ್ಕೆ ಟಾನಿಕ್ ಇಲ್ಲ.

ಇದೆಲ್ಲ ಅಮೆರಿಕದ ಮಾತು, ನಮಗೇಕೆ ಎಂದುಕೊಳ್ಳುವ ಹಾಗಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ. ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಸೀಸದ ವಿಷದ ಬಗ್ಗೆ ದೇಶಕ್ಕೆ ಪಾಠ ಹೇಳಿದವರು. ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಗೆ ಬೆಂಗಳೂರೂ ಸೇರಿ ದೇಶದ ಹಲವು ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಆಗಿನ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿ ಸೀಸ ಸಿಕ್ಕಿತು. ಆಗ ಪೆಟ್ರೋಲಿನಲ್ಲೇ ಸೀಸವಿತ್ತು. 2000ದ ಹೊತ್ತಿಗೆ ಅದು ನಿಂತಿತು. ಬಣ್ಣದಲ್ಲಿ ಮಾತ್ರ ಮುಂದುವರಿಯಿತು. ಮನೆಯ ಬಣ್ಣದಲ್ಲಿ ಹತ್ತು ಲಕ್ಷದಲ್ಲಿ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದು ಎಂಬ ನಿಯಮ 2016ರಲ್ಲಿ ಹೊರಟು, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ.

ಅಂದರೆ ಅಲ್ಲಿ 1978 ಎಂಬ ಗೆರೆ ಹೇಗೋ, ನಮಗೆ 2017 ಹಾಗೆ. ನಾವು ಗಲ್ಫಿಗೆ ಬಂದ ಹೊಸದರಲ್ಲಿ ಕಳಿಸಿದ ದುಡ್ಡಿನಲ್ಲಿ ಕಟ್ಟಿದ ಮನೆಗಳು ಹೆಚ್ಚಾಗಿ ಈ ಗೆರೆಯ ಹಿಂದಿನವು. ಹೆದರಿಸುವುದಕ್ಕಾಗಿ ಹೇಳುತ್ತಿಲ್ಲ, ಯಾವುದಕ್ಕೆ ಹೆದರಬೇಕು ಎಂದೂ ಹೇಳುತ್ತೇವೆ. ಸುಣ್ಣದ ಗೋಡೆಗೆ ಈ ಭಯವಿಲ್ಲ. ನೀರಿನ ಎಮಲ್ಶನ್‌ನಲ್ಲೂ ಕಡಿಮೆ. ಇರುವುದು ಹೊಳಪಿನ ಆಯಿಲ್ ಪೇಂಟಿನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ: ಕಿಟಕಿ, ಬಾಗಿಲು, ಗ್ರಿಲ್, ಗೇಟು, ಹಳೆ ತೊಟ್ಟಿಲು, ಅಡುಗೆಮನೆಯ ಗೋಡೆಗೆ ಸೊಂಟದೆತ್ತರ ಹೊಡೆದ ಎನಾಮೆಲ್. ರಜೆಗೆ ಹೋದಾಗ ಪೇಂಟರ್ ಹುಡುಗರು ಸ್ಯಾಂಡ್‌ಪೇಪರ್ ಹಿಡಿದು ಒಣಗಿದ್ದಂತೆಯೇ ತಿಕ್ಕುವುದು ಇವುಗಳನ್ನೇ. ಪಕ್ಕದ ಚಾವಡಿಯಲ್ಲಿ ನಮ್ಮ ಮಕ್ಕಳು ಆಡುತ್ತಿರುತ್ತವೆ.

ಇನ್ನು ಮಳೆ. ಇಲ್ಲಿ ಒಂದು ತಮಾಷೆಯಿದೆ. ಸಿಯಾಟಲ್ ಮಳೆಗೆ ಹೆಸರಾದ ಊರು, ಆದರೆ ಅಲ್ಲಿ ಜುಲೈ, ಆಗಸ್ಟ್ ಒಣ ತಿಂಗಳು. ಅಕ್ಟೋಬರಿನಿಂದ ಹಿಡಿಯುವ ಜಿನುಗು ಮಳೆಗೆ ಮೊದಲು ಗೋಡೆ ಕೆಲಸ ಮುಗಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಅದೇ ಜುಲೈ ಆಟಿ ತಿಂಗಳ ಹೊತ್ತು, ಕೆಂಪುಕಲ್ಲಿನ ಗೋಡೆ ಹೊರಗಿನಿಂದ ನೀರು ಕುಡಿದು ಒಳಗೆ ಬೆವರುವ ಕಾಲ. ನಮ್ಮ ಹಿರಿಯರು ಮಳೆ ಪೂರಾ ನಿಂತ ಮೇಲೆ, ದೀಪಾವಳಿಯ ಹೊತ್ತಿಗೆ ಸುಣ್ಣ ಬಳಿಯುತ್ತಿದ್ದರು. ಸುಣ್ಣ ಗೋಡೆಗೆ ಉಸಿರಾಡಲು ಬಿಡುತ್ತದೆ, ಒಳಗಿನ ತೇವ ಆರಿಹೋಗುತ್ತದೆ. ನಾವು ಆ ಹಳೆಯ ಸುಣ್ಣವನ್ನು ಕೆರೆಯದೆ, ಹಸಿ ಗೋಡೆಗೆ, ಪ್ಲಾಸ್ಟಿಕ್ಕಿನ ಹಾಗಿರುವ ಎಮಲ್ಶನ್ ಬಳಿಯುತ್ತೇವೆ. ಸುಣ್ಣದ ಪುಡಿಗೆ ಹಿಡಿತವಿಲ್ಲ, ತೇವಕ್ಕೆ ದಾರಿಯಿಲ್ಲ. ಮುಂದಿನ ಜುಲೈಗೆ ಹಪ್ಪಳದ ಹಾಗೆ ಏಳುತ್ತದೆ. ಗಲ್ಫಿನ ಫ್ಲ್ಯಾಟಿನಲ್ಲಿ ಇದೇ ತೇವ ಇನ್ನೊಂದು ವೇಷದಲ್ಲಿ ಬರುತ್ತದೆ. ಹೊರಗೆ ಬಿಸಿ ಉಬ್ಬೆ, ಒಳಗೆ ಏಸಿ. ಹೊರಗೋಡೆಯಿಂದ ನುಸುಳಿದ ತೇವ ವಿನೈಲ್ ವಾಲ್‌ಪೇಪರಿನ ತಣ್ಣನೆಯ ಬೆನ್ನಿಗೆ ನೀರಾಗಿ ಕೂತು ಕಪ್ಪು ಬೂಷ್ಟು ಕಟ್ಟುತ್ತದೆ. ಆ ಕಾಗದ ಎತ್ತಿ ನೋಡದೆ, ಕೆಮ್ಮಿನ ಸಿರಪ್ಪನ್ನು ಮಾತ್ರ ಬದಲಾಯಿಸುತ್ತಾ ಹೋಗುವವರನ್ನು ನೋಡಿದ್ದೇವೆ.

ಈ ಸಂಚಿಕೆ ಓದುವವರಲ್ಲಿ ಪೇಂಟಿಂಗ್, ಮೆಂಟೆನೆನ್ಸ್ ಕೆಲಸದವರೇ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಗೋಡೆಯ ವಿಷಯ ಹೇಳಲು ನಾವು ಯಾರು? ಕುಂದಾಪುರ ಕಡೆಯ ಒಬ್ಬ ಪೇಂಟರ್ ಮಿತ್ರರು ಹೇಳಿದ ಮಾತು ಇದು: "ಕೊಟೇಶನ್ನಲ್ಲಿ ಗೋಡೆ ತಯಾರಿಗೆ ಅಂತ ಒಂದು ಸಾಲು ಬರೆದ್ರೆ ಎಲ್ಲರೂ ಮೊದಲು ಹೊಡೆದು ಹಾಕೂದು ಅದನ್ನೇ ಸಾರ್. ಇಲ್ಲಿ ಕಂಪನಿಯವ್ರೂ ಹಾಗೇ, ಊರಲ್ಲಿ ನಮ್ಮ ಅಣ್ಣನೂ ಹಾಗೇ." ಆ ಸಾಲು ಹೊಡೆದು ಹಾಕಿದರೆ ಕೆಲಸಗಾರ ಆ ದಿನಗಳನ್ನು ಎಲ್ಲಿಂದ ತರಬೇಕು? ಒಣಗಿದ್ದಂತೆಯೇ ತಿಕ್ಕಿ, ಮಾರನೇ ದಿನ ಬಣ್ಣ ಹೊಡೆಯುತ್ತಾನೆ. ಧೂಳು ಮೊದಲು ಹೋಗುವುದು ಅವನ ಎದೆಗೇ. ನಮ್ಮ ಕೌಂಟರಿನಿಂದ ನೀಲಿ ಸರ್ಜಿಕಲ್ ಮಾಸ್ಕ್ ಒಯ್ದು ಸ್ಯಾಂಡಿಂಗ್ ಮಾಡುವವರಿಗೆ ಹೇಳುತ್ತಲೇ ಇರುತ್ತೇವೆ, ಅದು ನಿಮ್ಮ ಉಗುಳು ಬೇರೆಯವರಿಗೆ ಹಾರದಿರಲು ಮಾಡಿದ್ದು, ಸೀಸದ ಧೂಳು ತಡೆಯಲು ಅಲ್ಲ ಎಂದು. ಮುಖಕ್ಕೆ ಒತ್ತಿ ಕೂರುವ, ಫಿಲ್ಟರ್ ಇರುವ ರೆಸ್ಪಿರೇಟರ್ ಕೇಳಿ ಪಡೆಯಿರಿ. ಸಂಸಾರ ಜೊತೆಗಿರುವವರು ಕೆಲಸದ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ, ಆ ಬಟ್ಟೆ ಬೇರೆ ತೊಳೆಯಿರಿ.

ಊರಿಗೆ ದುಡ್ಡು ಕಳಿಸುವ ನಾವು ಮಾಡಬಹುದಾದದ್ದು ಇಷ್ಟಿದೆ. ಗೋಡೆ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಇಟ್ಟುಕೊಳ್ಳುವುದು, ನಾವು ಅಲ್ಲಿಲ್ಲದಿದ್ದರೂ ಪರವಾಗಿಲ್ಲ. ದುಡ್ಡನ್ನು ಎರಡು ಕಂತು ಮಾಡುವುದು, ಮೊದಲ ಕಂತು ಗೋಡೆ ತಯಾರಿಗೇ, ಅದರಲ್ಲಿ ಚೌಕಾಸಿ ಬೇಡ. ವಾಟ್ಸಾಪಿನಲ್ಲಿ ಬಣ್ಣ ಹೊಡೆದ ಮನೆಯ ಫೋಟೋ ಕೇಳುವ ಬದಲು ಕೆರೆದು ತೊಳೆದ ಬೋಳು ಗೋಡೆಯ ಫೋಟೋ ಕೇಳುವುದು. ಬಣ್ಣ ಹೊಡೆದ ಫೋಟೋದಲ್ಲಿ ಎಲ್ಲ ಗೋಡೆಯೂ ಚೆನ್ನಾಗಿಯೇ ಕಾಣುತ್ತದೆ. ಆಯಿಲ್ ಪೇಂಟಿನ ಮರ, ಕಬ್ಬಿಣವನ್ನು ನೀರು ಹಾಕಿಕೊಂಡೇ ತಿಕ್ಕಲು ಹೇಳುವುದು, ವಾಟರ್ ಪೇಪರ್ ಎಂದರೆ ಊರ ಅಂಗಡಿಯಲ್ಲೂ ಸಿಗುತ್ತದೆ. ಆ ದಿನಗಳಲ್ಲಿ ಚಿಕ್ಕ ಮಕ್ಕಳನ್ನು, ಬಸಿರಿಯರನ್ನು ಅಜ್ಜಿ ಮನೆಗೋ ಅತ್ತೆ ಮನೆಗೋ ಕಳಿಸುವುದು. ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು.

"ಎರಡು ವರ್ಷಕ್ಕೊಮ್ಮೆ ರಜೆ ಸಿಗೋದು, ನಮ್ಮ ಕಣ್ಣೆದುರಿಗೆ ಆಗಬೇಕು ಅನ್ನೋ ಆಸೆ ಇರಲ್ವಾ" ಎಂದು ಕೇಳುತ್ತಾರೆ. ಇರುತ್ತದೆ, ನಮಗೂ ಇದೆ. ಹಾಗಿದ್ದರೆ ಕಣ್ಣೆದುರಿಗೆ ಒಳಗಿನ ಒಣ ಗೋಡೆಗೆ ಕೊನೆಯ ಕೋಟ್ ಹೊಡೆಸಿ, ಅದು ಒಂದು ದಿನದ ಕೆಲಸ. ತಂಗಿಯ ಮದುವೆ ಜುಲೈಯಲ್ಲೇ ನಿಂತಿದೆ, ಏನೂ ತಯಾರಾಗಿಲ್ಲ ಎಂದಾದರೆ ಗೋಡೆ ಒರೆಸಿ, ತೋರಣ ಕಟ್ಟಿ, ಚಪ್ಪರ ಹಾಕಿ ಮದುವೆ ಮುಗಿಸಿ. ಹೊರಗೋಡೆಯನ್ನು ದೀಪಾವಳಿಗೆ ಬಿಡಿ. ಬಣ್ಣ ಏಳುತ್ತಿರುವ ಹಳೆಯ ಕಿಟಕಿ ಬಾಗಿಲನ್ನು ಆ ನಾಲ್ಕು ದಿನ ಯಾರೂ ಕೆರೆಯದಿರಲಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಗೇ ಬಿಡಿ.